ಹೊಳೆಯಿಸುವುದೋ, ಉಳಿಸುವುದೋ: ಬಸವನಗುಡಿಯ ಒಂದು ಹಳೇ ಬಿಎಂಎಕ್ಸ್ ಸೈಕಲ್

ಈ ಪ್ರಕರಣದ ಸೈಕಲ್ 1984ರ ಬೇಸಿಗೆ ರಜೆಯಲ್ಲಿ ಅಮೆರಿಕದಿಂದ ಬೆಂಗಳೂರಿಗೆ ಬಂದ ಒಂದು ಮಾಂಗೂಸ್ ಕಂಪನಿಯ ಬಿಎಂಎಕ್ಸ್, ಅಂದರೆ ಮಣ್ಣಿನ ದಿಬ್ಬಗಳ ಮೇಲೆ ಹಾರಿಸಿ ರೇಸ್ ಮಾಡುವ ಪುಟ್ಟ ಸೈಕಲ್. ಇಪ್ಪತ್ತು ಇಂಚಿನ ಚಕ್ರ, ಕ್ರೋಮ್ ಹಾಕಿದ ಫ್ರೇಮು. ಲಾಸ್ ಏಂಜಲೀಸ್ ಹತ್ತಿರ ಕೆಲಸಕ್ಕಿದ್ದ ಸೋದರಮಾವ ಅದನ್ನು ಬಿಚ್ಚಿ, ರಟ್ಟಿನ ಡಬ್ಬದಲ್ಲಿಟ್ಟು, ವಿಮಾನದಲ್ಲಿ ತಂದರಂತೆ. ಓಡಿಸಿದವರು ಬಸವನಗುಡಿಯ ಅಕ್ಕ ಮತ್ತು ತಮ್ಮ. ಈಗ ಇಬ್ಬರಿಗೂ ಐವತ್ತು ದಾಟಿದೆ. ಹಳೇ ಮನೆ ಕೆಡವುವ ಮುಂಚೆ ಮೆಟ್ಟಿಲ ಕೆಳಗಿನ ಸಾಮಾನೆಲ್ಲ ತೆಗೆದಾಗ ಸೈಕಲ್ಲೂ ಹೊರಗೆ ಬಂತು.

ತಮ್ಮ ನನಗೆ ಫೋನ್ ಮಾಡಿದರು. "ಸರ್, ಇದನ್ನ ಹೊಸದರ ಥರ ಮಾಡಿಕೊಡಿ. ಕ್ರೋಮ್ ಮತ್ತೆ ಹಾಕಿಸೋಣ, ಸ್ಟಿಕ್ಕರ್ ತರಿಸೋಣ. ಖರ್ಚಿನ ಯೋಚನೆ ಬೇಡ." ಅಕ್ಕ ಇರುವುದು ಮೈಸೂರಿನಲ್ಲಿ. ವಿಷಯ ಗೊತ್ತಾದ ಸಂಜೆಯೇ ಅವರ ಫೋನೂ ಬಂತು. "ನೋಡಿ, ಅವನು ಹೇಳ್ತಾನೆ ಅಂತ ಪಾಲಿಶ್‌ಗೆ ಕೊಟ್ಟುಬಿಡಬೇಡಿ. ಅದರ ಮೇಲಿರೋ ಒಂದೊಂದು ಗೀರೂ ನಮ್ಮದೇ."

ನಾನು ಹಳೇ ಬಿಎಂಎಕ್ಸ್ ಸೈಕಲ್ ಸಂಗ್ರಹಿಸುತ್ತೇನೆ. ಈ ಪ್ರಶ್ನೆ ಪ್ರತಿ ಸೈಕಲ್ಲಿನಲ್ಲೂ ಬರುತ್ತದೆ. ಸಾಮಾನ್ಯವಾಗಿ ಅದು ಸಂಗ್ರಹಿಸುವವನ ಮನಸ್ಸಿನೊಳಗೇ ನಡೆಯುವ ವಾದ. ಇಲ್ಲಿ ಎರಡೂ ಕಡೆಗೆ ಒಬ್ಬೊಬ್ಬರು ನಿಂತು ಬಾಯಿಬಿಟ್ಟು ಹೇಳಿದರು. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು.

ಸೈಕಲ್ ಇದ್ದ ಸ್ಥಿತಿ

ಮೊದಲ ಕೆಲಸ ಫೋಟೋ ತೆಗೆಯುವುದು. ಧೂಳನ್ನೂ ಒರೆಸದೆ, ಇದ್ದ ಹಾಗೇ. ಆಮೇಲೆ ಒಂದೊಂದು ಭಾಗಕ್ಕೂ ಚೀಟಿ ಕಟ್ಟುತ್ತಾ, ಎಲ್ಲಿತ್ತು, ಯಾವ ಕಡೆ ತಿರುಗಿತ್ತು ಅಂತ ಬರೆದುಕೊಳ್ಳುತ್ತಾ ಬಿಚ್ಚಬೇಕು.

ಫ್ರೀವೀಲ್ (ಹಿಂಚಕ್ರದಲ್ಲಿ ಚೈನು ಕೂರುವ ಹಲ್ಲುಚಕ್ರ) ಜಪಾನಿನ ಶಿಮಾನೋ ಕಂಪನಿಯದು. ಅದರ ಮೇಲೆ ಎಚ್, ಕೆ ಅನ್ನುವ ಎರಡು ಇಂಗ್ಲಿಷ್ ಅಕ್ಷರ ಒತ್ತಿತ್ತು. ಆ ಕಾಲದ ಶಿಮಾನೋ ಭಾಗಗಳಲ್ಲಿ ಮೊದಲ ಅಕ್ಷರ ವರ್ಷ, ಎರಡನೆಯದು ತಿಂಗಳು. ಎ ಅಂದರೆ 1976, ಅಲ್ಲಿಂದ ಎಣಿಸಿದರೆ ಎಚ್ ಅಂದರೆ 1983. ಕೆ ಅಂದರೆ ನವೆಂಬರ್. 1983ರ ನವೆಂಬರ್‌ನಲ್ಲಿ ತಯಾರಾದ ಫ್ರೀವೀಲ್ 1984ರ ಬೇಸಿಗೆಯಲ್ಲಿ ಬಸವನಗುಡಿಗೆ ಬಂದಿದೆ. ಮನೆಯವರು ಹೇಳಿದ ಕಥೆಗೆ ಲೆಕ್ಕ ಸರಿಯಾಗಿ ಕೂಡುತ್ತದೆ. ಬ್ರೇಕು ಡಯಾಕಾಂಪೆ, ರಿಮ್ಮು ಅರಾಯಾ. ಎರಡೂ ಜಪಾನಿನವು. ಆ ಕಾಲದ ಅಮೆರಿಕನ್ ಬಿಎಂಎಕ್ಸ್‌ಗಳಲ್ಲಿ ಇಂಥ ಜಪಾನಿ ಭಾಗಗಳೇ ಜಾಸ್ತಿ. ಅಂದರೆ ಇವು ಕಾರ್ಖಾನೆಯಿಂದಲೇ ಬಂದವು ಅಂತ ನಂಬಲು ಕಾರಣವಿದೆ.

ಇನ್ನುಳಿದದ್ದು ಬೆಂಗಳೂರು. ಹಿಂದೆ ಒಂದು ಕಬ್ಬಿಣದ ಕ್ಯಾರಿಯರ್. ಹಿಟ್ಟಿನ ಗಿರಣಿಗೆ ಡಬ್ಬ ಒಯ್ಯಲು ಅಪ್ಪ ಹಾಕಿಸಿದ್ದು. ಕೆಳಗೆ ಸೈಡ್ ಸ್ಟ್ಯಾಂಡು. ಸೀಟು ಇಲ್ಲಿನ ಅಂಗಡಿಯದು, ಮೂಲದ ಪ್ಲಾಸ್ಟಿಕ್ ಸೀಟು ಒಡೆದು ಹೋದ ಮೇಲೆ ಬಂದದ್ದು. ಹ್ಯಾಂಡಲಿನ ನಡುವಿನ ಪ್ಯಾಡ್ ಹರಿದಾಗ ಅದೇ ಅಳತೆಗೆ ಗಾಂಧಿ ಬಜಾರಿನ ಟೈಲರ್ ಒಬ್ಬರು ರೆಕ್ಸಿನ್‌ನಲ್ಲಿ ಇನ್ನೊಂದು ಹೊಲಿದುಕೊಟ್ಟಿದ್ದರು. ಹೊಲಿಗೆ ಎಷ್ಟು ಅಚ್ಚುಕಟ್ಟು ಅಂದರೆ ಮೊದಲ ನೋಟಕ್ಕೆ ಗೊತ್ತೇ ಆಗಲಿಲ್ಲ. ಹಿಂಚಕ್ರದ ಹತ್ತಿರ, ಎಡಗಡೆಯ ಸಣ್ಣ ಪೈಪು ಒಮ್ಮೆ ಬಿರುಕು ಬಿಟ್ಟಿತ್ತು. ಅದನ್ನು ಗ್ಯಾಸ್ ವೆಲ್ಡಿಂಗ್‌ನಲ್ಲಿ ಹಿತ್ತಾಳೆ ಕರಗಿಸಿ ಕೂಡಿಸಿದ್ದಾರೆ. ಆ ಬಿಸಿಗೆ ಸುತ್ತಲಿನ ಕ್ರೋಮ್ ಸುಟ್ಟು ನೀಲಿ-ಕಪ್ಪಾಗಿದೆ. ಅದರ ಮೇಲೆ ಸಿಲ್ವರ್ ಪೇಂಟ್ ಬಳಿದಿದ್ದಾರೆ.

ಎಲ್ಲಕ್ಕಿಂತ ದೊಡ್ಡದು ಕೆಳಗಿನ ಪೈಪಿನ ಮೇಲಿರುವ ಬರಹ. ಅಂಗಡಿ ಬೋರ್ಡ್ ಬರೆಯುತ್ತಿದ್ದ ಪೇಂಟರ್ ಒಬ್ಬರಿಂದ ಅಕ್ಕ "ಚಿರತೆ" ಅಂತ ಬರೆಸಿದ್ದರು. ಕೆಂಪು ಎನಾಮೆಲ್ ಅಕ್ಷರ, ಪಕ್ಕಕ್ಕೆ ಹಳದಿ ನೆರಳು. ಅದು ಕೂತಿರುವುದು ಮಾಂಗೂಸ್‌ನ ಮೂಲ ಸ್ಟಿಕ್ಕರಿನ ಅರ್ಧ ಭಾಗದ ಮೇಲೆ. ಒಂದನ್ನು ಉಳಿಸಿದರೆ ಇನ್ನೊಂದು ಕಾಣುವುದಿಲ್ಲ.

ಯಾಕೆ ಇಷ್ಟು ಯೋಚನೆ

ಬಿಎಂಎಕ್ಸ್ ಹುಟ್ಟಿದ್ದು 1970ರ ಆಸುಪಾಸಿನಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ದೊಡ್ಡವರು ಮಣ್ಣಿನ ಹಾದಿಯಲ್ಲಿ ಮೋಟಾರ್‌ಬೈಕ್ ಓಡಿಸುವ ಮೋಟೋಕ್ರಾಸ್ ರೇಸ್ ನೋಡಿದ ಹುಡುಗರು ತಮ್ಮ ಸೈಕಲ್‌ಗಳನ್ನೇ ಮಣ್ಣಿನ ದಿಬ್ಬಗಳ ಮೇಲೆ ಹಾರಿಸಲು ಶುರುಮಾಡಿದರು. ಜಾಸ್ತಿ ಜನರ ಹತ್ತಿರ ಇದ್ದದ್ದು ಶ್ವಿನ್ ಕಂಪನಿ 1963ರಲ್ಲಿ ಬಿಟ್ಟ ಸ್ಟಿಂಗ್‌ರೇ. ಅದು ಹಾರಾಟಕ್ಕೆ ಮಾಡಿದ ಸೈಕಲ್ ಅಲ್ಲ, ಹಾಗಾಗಿ ಮುರಿಯುತ್ತಿತ್ತು. ಮುರಿಯದ ಭಾಗ ಮಾಡಿಕೊಡುವವರು ಅಲ್ಲಲ್ಲಿ ಹುಟ್ಟಿಕೊಂಡರು. ಅವರಲ್ಲೊಬ್ಬರಾದ ಸ್ಕಿಪ್ ಹೆಸ್ 1974ರಲ್ಲಿ ಕಡ್ಡಿಗಳಿಲ್ಲದ, ಎರಕದ ಮೋಟೋಮ್ಯಾಗ್ ಚಕ್ರ ಮಾಡಿದರು. ಮಾಂಗೂಸ್ ಸೈಕಲ್ ಬೆಳೆದದ್ದು ಅದರಿಂದಲೇ. 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಬಿಎಂಎಕ್ಸ್ ರೇಸ್ ಪದಕದ ಆಟವಾಯಿತು.

ಇವು ಮಕ್ಕಳು ಬಡಿದು, ಬೀಳಿಸಿ, ಕೊನೆಗೆ ಗುಜರಿಗೆ ಹೋದ ಸೈಕಲ್‌ಗಳು. ಮೂಲ ಲೇಪನದ ಜೊತೆ ಉಳಿದವು ಕಡಿಮೆ. ನಮ್ಮಲ್ಲಂತೂ ಇನ್ನೂ ಕಡಿಮೆ. 1984ರ ಬೆಂಗಳೂರಿನ ಬೀದಿ ಅಂದರೆ ಹೀರೋ, ಅಟ್ಲಾಸ್, ಹರ್ಕ್ಯುಲಿಸ್, ಬಿಎಸ್‌ಎ. ಅಲ್ಲಿಗೆ ಬಂದ ಈ ಸೈಕಲ್ಲಿಗೆ ಸ್ಪೇರ್ ಪಾರ್ಟ್ ಸಿಗುತ್ತಿರಲಿಲ್ಲ. ಇಲ್ಲಿನ ಮೆಕ್ಯಾನಿಕ್‌ಗಳು, ವೆಲ್ಡರ್‌ಗಳು, ಟೈಲರ್‌ಗಳು ತಮಗೆ ತಿಳಿದ ಹಾಗೆ ಅದನ್ನು ಓಡುವ ಹಾಗೆ ಇಟ್ಟರು. ಕ್ಯಾಲಿಫೋರ್ನಿಯಾದ ಸಂಗ್ರಹಕಾರನಿಗೆ ಸಿಗುವ ಮಾಂಗೂಸ್‌ನಲ್ಲಿ ಇದು ಇರುವುದಿಲ್ಲ. ನಾವು ಅದನ್ನು ಅಳಿಸಿ, ಅವರ ಹತ್ತಿರ ಬೇಕಾದಷ್ಟು ಇರುವ ಸೈಕಲ್ಲನ್ನೇ ಇನ್ನೊಂದು ಮಾಡಿ ಇಟ್ಟರೆ ಏನು ಲಾಭ? ನನ್ನ ವಾದದ ಮೂಲ ಇದೇ.

ಹಳೇ ಕಾರುಗಳ ಲೋಕದಲ್ಲಿ ಈ ಚರ್ಚೆ ಬಹಳ ಮುಂದೆ ಹೋಗಿದೆ. ಹಳೇ ವಾಹನ ಕ್ಲಬ್‌ಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾ, ಟ್ಯೂರಿನ್ ಚಾರ್ಟರ್ ಅನ್ನುವ ನಿಯಮಾವಳಿ ಮಾಡಿಕೊಂಡಿದೆ. ಅದು ಮೋಟಾರು ವಾಹನಗಳಿಗಾಗಿ ಬರೆದದ್ದು. ಆದರೂ ಅದರ ತಿರುಳು ಸೈಕಲ್ಲಿಗೂ ಒಪ್ಪುತ್ತದೆ. ಇರುವುದನ್ನು ಆದಷ್ಟು ಉಳಿಸಿ, ಬಳಕೆಯ ಗುರುತುಗಳೂ ಇತಿಹಾಸವೇ, ಹೊಸದಾಗಿ ಮಾಡಿದ್ದನ್ನು ದಾಖಲಿಸಿ. ಅಮೆರಿಕದ ಪೆಬಲ್ ಬೀಚ್ ಕಾರು ಪ್ರದರ್ಶನದಲ್ಲಿ 2024ರಲ್ಲಿ ಮೊದಲ ಬಾರಿಗೆ ಹೊಸದಾಗಿಸದ, ಹಳೇ ರೂಪದಲ್ಲೇ ಉಳಿಸಿದ ಕಾರಿಗೆ ಅತಿ ದೊಡ್ಡ ಬಹುಮಾನ ಬಂತು. 1934ರ ಬುಗಾಟಿ ಟೈಪ್ 59. ಇದನ್ನು ಹೇಳಿದಾಗ ತಮ್ಮ ಕೇಳಿದ್ದು ನ್ಯಾಯವಾಗಿತ್ತು: "ಅದು ರೇಸ್ ಕಾರು ಸರ್. ಇದು ನಾನು ಓಡಿಸಿದ ಸೈಕಲ್. ನನಗೆ ನೆನಪಿರೋದು ಹೊಳೀತಿದ್ದದ್ದು."

ಆ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹತ್ತು ವರ್ಷದ ಹುಡುಗನಿಗೆ ಡಬ್ಬ ಬಿಚ್ಚಿದಾಗ ಕಂಡ ಹೊಳಪೂ ಈ ಸೈಕಲ್ಲಿನ ಕಥೆಯೇ ಅಲ್ವಾ?

ಮತ್ತೆ ಕ್ರೋಮ್ ಹಾಕಿಸಿದರೆ ನಡೆಯುವುದು

ಹಾಗಾಗಿ ಭಾವನೆ ಬದಿಗಿಟ್ಟು, ಕೆಲಸದ ವಿಷಯವನ್ನು ಅವರ ಮುಂದೆ ಬಿಡಿಸಿಟ್ಟೆ. ಮರು-ಕ್ರೋಮ್ ಅಂದರೆ ಹಳೆಯದರ ಮೇಲೆ ಹೊಸ ಪದರ ಬಳಿಯುವುದು ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ.

ಅಲಂಕಾರದ ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳು. ನಮಗೆ ಕಾಣುವ ಹೊಳಪಿನ ಬಹುಪಾಲು ಅದರ ಕೆಳಗಿನ ನಿಕ್ಕಲ್‌ನದು. ಆ ಪದರಗಳಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳಿಂದ ನೀರು ಇಳಿದು ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ಮೇಲೆ ಕಂದು ಚುಕ್ಕೆಯಾಗಿ ಕಾಣುವುದು ಅದೇ. ಮತ್ತೆ ಕ್ರೋಮ್ ಹಾಕಬೇಕಾದರೆ ಹಳೆಯದನ್ನೆಲ್ಲ ಆಸಿಡ್‌ನಲ್ಲೋ ಕರೆಂಟಿನಲ್ಲೋ ತೆಗೆಯಬೇಕು. ಆಮೇಲೆ ತುಕ್ಕಿನ ಗುಳಿಗಳು ಹೋಗುವವರೆಗೆ ಪಾಲಿಶ್ ಚಕ್ರಕ್ಕೆ ಹಿಡಿಯಬೇಕು. ಬೇಕಾದರೆ ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್.

ತೊಂದರೆ ಇರುವುದು ಪಾಲಿಶ್ ಹಂತದಲ್ಲಿ. ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಸೇರಿಸಿದ ಉಕ್ಕು) ಬಿಎಂಎಕ್ಸ್ ಫ್ರೇಮಿನ ಪೈಪಿನ ಗೋಡೆ ಹೆಚ್ಚುಕಡಿಮೆ 0.9 ಮಿಲಿಮೀಟರ್. ಅಲ್ಲಿ ಉಜ್ಜಿ ತೆಗೆಯುವಷ್ಟು ಲೋಹ ಇಲ್ಲ. ವೆಲ್ಡಿಂಗ್‌ನ ಸಾಲುಸಾಲು ಅಲೆ ಸವೆದು ನುಣುಪಾಗುತ್ತದೆ. ಒತ್ತಿದ ಫ್ರೇಮ್ ನಂಬರ್ ಮಂಕಾಗುತ್ತದೆ. ನನಗೆ ಪರಿಚಯದವರ ಒಂದು ಫ್ರೇಮು ಹೀಗೆ ಒಂದು ಪ್ಲೇಟಿಂಗ್ ಶಾಪಿಗೆ ಹೋಗಿ ಕನ್ನಡಿಯಂತೆ ಹೊಳೆಯುತ್ತಾ ವಾಪಸ್ ಬಂತು. ನಂಬರಿನ ಅರ್ಧ ಅಂಕೆಗಳನ್ನು ಓದಲು ಆಗಲಿಲ್ಲ. ಆ ಫ್ರೇಮು ಯಾವ ವರ್ಷದ್ದು ಅಂತ ಸಾಬೀತು ಮಾಡುವ ದಾರಿಯೇ ಮುಚ್ಚಿತು.

ಇನ್ನೂ ಒಂದು ವಿಷಯ. ಪೈಪಿನೊಳಗೆ ಗಾಳಿ ಹೋಗಲು ಬಿಟ್ಟ ಸಣ್ಣ ತೂತುಗಳಿಂದ ಆಸಿಡ್ ಒಳಗೆ ಸೇರುತ್ತದೆ. ಸರಿಯಾಗಿ ತೊಳೆಯದಿದ್ದರೆ ಒಳಗಿನಿಂದ ತಿನ್ನುತ್ತಲೇ ಇರುತ್ತದೆ. ಹೈಡ್ರೋಜನ್ ಸೇರಿ ಉಕ್ಕು ಪೆಡಸಾಗುತ್ತದೆ ಅನ್ನುವ ಭಯವನ್ನೂ ಕೆಲವರು ಹೇಳುತ್ತಾರೆ. ಅದು ನಿಜವಾದ ಅಪಾಯವೇ. ಆದರೆ ಅದು ಕಾಡುವುದು ಹೆಚ್ಚಾಗಿ ಗಟ್ಟಿ ಮಾಡಿದ ಬೋಲ್ಟು, ಆಕ್ಸೆಲ್, ಸ್ಪ್ರಿಂಗ್‌ಗಳನ್ನು. ಅವಕ್ಕೆ ಪ್ಲೇಟಿಂಗ್ ಆದ ಕೂಡಲೇ ಕೆಲವು ಗಂಟೆ ಓವನ್‌ನಲ್ಲಿ ಕಾಯಿಸಬೇಕು. ಫ್ರೇಮಿನ ಪೈಪಿಗೆ ನನ್ನ ಚಿಂತೆ ಅದಲ್ಲ, ಸವೆತ.

ಈ ಸೈಕಲ್ಲಿಗೆ ಇದರ ಅರ್ಥ ಇಷ್ಟು. ಮರು-ಕ್ರೋಮ್ ಮಾಡಿಸಿದರೆ "ಚಿರತೆ" ಹೋಗುತ್ತದೆ, ಅದರ ಕೆಳಗಿನ ಮೂಲ ಸ್ಟಿಕ್ಕರೂ ಹೋಗುತ್ತದೆ, ವೆಲ್ಡರ್ ಹಾಕಿದ ಹಿತ್ತಾಳೆಯ ಕಟ್ಟೂ ಆಸಿಡ್‌ಗೆ, ಪಾಲಿಶ್‌ಗೆ ಸಿಕ್ಕಿ ಕೆಡುತ್ತದೆ. ಮೂರೂ ಒಟ್ಟಿಗೆ, ಒಂದೇ ದಿನ.

ಹೊಸದಾಗಿಸುವುದಕ್ಕೆ ನಾನು ವಿರೋಧಿ ಅಲ್ಲ. ಯಾರೋ ಈಗಾಗಲೇ ಪೌಡರ್ ಕೋಟಿಂಗ್ ಮಾಡಿಸಿದ ಫ್ರೇಮು, ಬಣ್ಣವೇ ಉಳಿಯದೆ ತುಕ್ಕಾಗಿ ಗುಜರಿಯಲ್ಲಿ ಸಿಕ್ಕ ಫ್ರೇಮು, ಇಂಥವನ್ನು ಧಾರಾಳವಾಗಿ ಹೊಸದಾಗಿಸಬಹುದು. ಅಲ್ಲಿ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಇಲ್ಲಿ ಹಾಗಿರಲಿಲ್ಲ. ಒರೆಸಿ ನೋಡಿದಾಗ ಕ್ರೋಮ್‌ನ ಹೆಚ್ಚಿನ ಭಾಗ ಗಟ್ಟಿಯಾಗಿಯೇ ಇತ್ತು. ಬೆಂಗಳೂರಿನ ಹವೆಗೂ ಇದರಲ್ಲಿ ಪಾಲಿದೆ. ಮಂಗಳೂರಿನಲ್ಲಿ ಸಮುದ್ರದ ಉಪ್ಪುಗಾಳಿಗೆ ಸಿಕ್ಕಿದ್ದರೆ ಇಷ್ಟು ಉಳಿಯುತ್ತಿರಲಿಲ್ಲ.

ಪೀಣ್ಯದ ಪರೀಕ್ಷೆ

ತಮ್ಮನಿಗೆ ಸೈಕಲ್ ಗೋಡೆಗೆ ತೂಗುಹಾಕುವ ಆಸೆ ಇರಲಿಲ್ಲ. ಓಡಿಸಬೇಕು ಅಂದರು. ಅಲ್ಲಿಗೆ ಪ್ರಶ್ನೆ ಬದಲಾಯಿತು. ಓಡುವ ಸೈಕಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಅಂದವಲ್ಲ, ಬಿರುಕು.

ಎಲ್ಲರ ಕಣ್ಣು ಇದ್ದದ್ದು ಹಿತ್ತಾಳೆ ವೆಲ್ಡಿಂಗ್ ಮೇಲೆ. "ಅದನ್ನ ಕತ್ತರಿಸಿ ಸರಿಯಾಗಿ ಟಿಗ್ ವೆಲ್ಡಿಂಗ್ ಮಾಡಿಸಿಬಿಡಿ" ಅಂತ ನೋಡಿದ ಇನ್ನೊಬ್ಬ ಸಂಗ್ರಹಕಾರರೂ ಹೇಳಿದರು. ಕತ್ತರಿಸುವ ಮುಂಚೆ ಪರೀಕ್ಷೆ ಆಗಲಿ ಅಂತ ಪೀಣ್ಯದಲ್ಲಿ ಯಂತ್ರಭಾಗಗಳ ತಪಾಸಣೆ ಮಾಡುವ ಒಬ್ಬರ ಹತ್ತಿರ ಒಯ್ದೆವು. ಡೈ ಪೆನೆಟ್ರೆಂಟ್ ಪರೀಕ್ಷೆ ಸರಳ. ಜಾಗವನ್ನು ಜಿಡ್ಡಿಲ್ಲದೆ ಶುಚಿ ಮಾಡಿ ಕೆಂಪು ದ್ರವ ಹಚ್ಚುತ್ತಾರೆ. ಅದು ಬಿರುಕಿನೊಳಗೆ ಇಳಿಯಲು ಸ್ವಲ್ಪ ಹೊತ್ತು ಬಿಟ್ಟು, ಮೇಲಿನದನ್ನು ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತಾರೆ. ಬಿರುಕಿದ್ದರೆ ಒಳಗಿನ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಏಳುತ್ತದೆ. ಮೇಲ್ಮೈವರೆಗೆ ಬಂದ ಬಿರುಕು ಮಾತ್ರ ಇದರಲ್ಲಿ ಕಾಣುತ್ತದೆ. ಹಳೇ ಕ್ರೋಮ್‌ನಲ್ಲಿ ಬಲೆಯಂತೆ ಸಣ್ಣ ಗೆರೆಗಳು ಕಂಡರೆ ಅದು ಲೇಪನದ್ದೂ ಇರಬಹುದು, ಗಾಬರಿ ಬೇಡ. ಬಣ್ಣದ ಬರಹದ ಹತ್ತಿರ ಈ ದ್ರವ ಸುಳಿಯಬಾರದು, ಎನಾಮೆಲ್ಲನ್ನು ಎಬ್ಬಿಸಿಬಿಡುತ್ತದೆ. ಅದಕ್ಕೆ "ಚಿರತೆ"ಯ ಮೇಲೆ ಪ್ಲಾಸ್ಟಿಕ್ ಸುತ್ತಿ ಒಯ್ದಿದ್ದೆವು.

ಹಿತ್ತಾಳೆಯ ಕಟ್ಟಿನಲ್ಲಿ ಒಂದು ಗೆರೆಯೂ ಏಳಲಿಲ್ಲ. ನಲವತ್ತು ವರ್ಷದ ಹಿಂದೆ ಯಾವುದೋ ಶೆಡ್ಡಿನಲ್ಲಿ ಕೂತು ಕೂಡಿಸಿದವರ ಕೈಗೆ ನಮಸ್ಕಾರ. ಗೆರೆ ಎದ್ದದ್ದು ಯಾರೂ ಅನುಮಾನ ಪಡದ ಜಾಗದಲ್ಲಿ. ಹ್ಯಾಂಡಲಿನ ಅಡ್ಡಪಟ್ಟಿ ಮುಖ್ಯ ಪೈಪಿಗೆ ಕೂಡುವ ಕಡೆ, ಕಾರ್ಖಾನೆಯ ವೆಲ್ಡಿಂಗ್‌ನ ಅಂಚಿನಲ್ಲಿ, ನೇರವಾದ ಒಂದು ಕೆಂಪು ಗೆರೆ.

ತಮ್ಮ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಂತರು. ಆಮೇಲೆ, "ಅಂದ್ರೆ ಒರಿಜಿನಲ್ ಭಾಗವೇ ಹೋಗಿದೆ, ರಿಪೇರಿ ಮಾಡಿದ್ದು ಗಟ್ಟಿ ಇದೆ" ಅಂದರು. ನಾನು ಅಷ್ಟು ದಿನ ಹೇಳಿದ ವಾದಗಳಿಗಿಂತ ಆ ಒಂದು ಗೆರೆ ಹೆಚ್ಚು ಕೆಲಸ ಮಾಡಿತು. ಅಲ್ಲಿಂದ ಮುಂದೆ ಮಾತು "ಇದು ಒರಿಜಿನಲ್ಲೋ ಅಲ್ಲವೋ" ಅಂತ ನಡೆಯಲಿಲ್ಲ. "ಇದರ ಮೇಲೆ ಭಾರ ಬೀಳುತ್ತದೋ, ಇದನ್ನು ತೆಗೆದರೆ ವಾಪಸ್ ಹಾಕಬಹುದೋ" ಅಂತ ನಡೆಯಿತು.

ಉಳಿದದ್ದು, ಬದಲಾದದ್ದು

ಹ್ಯಾಂಡಲ್ ಬದಲಾಯಿತು. ಬಿಎಂಎಕ್ಸ್ ಹ್ಯಾಂಡಲ್ಲನ್ನು ಸ್ಟೆಮ್ (ಹ್ಯಾಂಡಲ್ಲನ್ನು ಫೋರ್ಕಿಗೆ ಕಚ್ಚಿಸುವ ಭಾಗ) ಹಿಡಿಯುವ ಕಡೆಯ ಅಳತೆ ಆಗಲೂ 22.2 ಮಿಲಿಮೀಟರ್, ಈಗಲೂ ಹೆಚ್ಚಿನವು ಅದೇ. ಹಾಗಾಗಿ ಹೊಸ ಹ್ಯಾಂಡಲ್ ಹಳೇ ಸ್ಟೆಮ್‌ಗೆ ಸಲೀಸಾಗಿ ಕೂತಿತು. ಬಿರುಕಿನ ಹ್ಯಾಂಡಲ್ಲಿಗೆ "ಓಡಿಸಬಾರದು" ಅಂತ ಚೀಟಿ ಕಟ್ಟಿ ತೆಗೆದಿಟ್ಟೆವು. ಅದನ್ನು ವೆಲ್ಡ್ ಮಾಡಿಸಬಹುದಿತ್ತು. ನಾನು ಬೇಡ ಅಂದೆ. ಹ್ಯಾಂಡಲ್ ಮುರಿದರೆ ಬೀಳುವುದು ಮುಖ ಅಡಿಯಾಗಿ.

ಟೈರುಗಳಲ್ಲಿ ಮುಂದಿನದು ಮಾತ್ರ ಮೂಲದ್ದು. ಪಕ್ಕದ ರಬ್ಬರ್ ಹಪ್ಪಳದಂತೆ ಬಿರಿದಿತ್ತು. ಅದನ್ನು ಬಿಚ್ಚಿ, ಬೆಳಕು ಬೀಳದ ಕಡೆ ಮಡಚದೆ ಇಟ್ಟಿದ್ದೇವೆ. ಟೈರ್ ಕೂರುವ ಕಡೆ ರಿಮ್ಮಿನ ವ್ಯಾಸ 406 ಮಿಲಿಮೀಟರ್. ಮಕ್ಕಳ ಇಪ್ಪತ್ತು ಇಂಚಿನ ಸೈಕಲ್ಲಿಗೆ ಬರುವ 20x1.75 ಟೈರ್ ಸರಿಹೋಗುತ್ತದೆ. ಬ್ರೇಕ್ ರಬ್ಬರು, ಒಳಗಿನ ತಂತಿ, ಚೈನು ಹೊಸವು. ಎರಡೂ ಪೆಡಲ್ ಹಿಡಿಯುವ ಕ್ರ್ಯಾಂಕು ಒಂದೇ ತುಂಡಿನದು. ಅದರ ಬೇರಿಂಗ್ ಗುಂಡು 5/16 ಇಂಚು, ಎಸ್‌ಜೆಪಿ ರಸ್ತೆಯಲ್ಲಿ ಸಿಕ್ಕಿತು. ಇವೆಲ್ಲ ಸವೆಯಲೆಂದೇ ಇರುವ ಭಾಗಗಳು, ಇವುಗಳ ಬಗ್ಗೆ ಅಕ್ಕನೂ ತಕರಾರು ಮಾಡಲಿಲ್ಲ.

ಸೈಡ್ ಸ್ಟ್ಯಾಂಡು ತೆಗೆದೆವು. ಅದರ ಹಿಡಿಕೆ ಪೈಪನ್ನು ಅಮುಕಿ, ನಡುವೆ ನೀರು ನಿಲ್ಲಿಸಿ, ತುಕ್ಕನ್ನು ಸಾಕುತ್ತಿತ್ತು. ಪ್ಯಾಡ್‌ಗಳ ಒಳಗಿನ ಸ್ಪಂಜೂ ಅದೇ ಕೆಲಸ ಮಾಡುತ್ತಿತ್ತು. ಹಳೇ ಸ್ಪಂಜು ತೆಗೆದು ಹೊಸದು ಹಾಕಿ, ಮೇಲಿನ ಹೊದಿಕೆಗಳನ್ನು ಹಾಗೇ ಉಳಿಸಿದೆವು. ಟೈಲರ್ ಹೊಲಿದದ್ದೂ ಅದರಲ್ಲಿ ಸೇರಿದೆ. ಇಲ್ಲಿನ ಸೀಟು ಇದ್ದಲ್ಲೇ ಇದೆ. ತಮ್ಮ ತರಿಸಿದ ನಕಲು ಸ್ಟಿಕ್ಕರುಗಳನ್ನು ಅಂಟಿಸಲಿಲ್ಲ. ಪೊಟ್ಟಣ ಒಡೆಯದೆ ಫೈಲಿನಲ್ಲಿಟ್ಟಿದ್ದಾರೆ.

ತೊಳೆದ ಬಗೆ

ಮೊದಲು ಸೋಪಿನ ನೀರು, ಮೆತ್ತನೆ ಬ್ರಷ್ಷು. ಜಿಡ್ಡಿಗೆ ಸೀಮೆಎಣ್ಣೆ, ಆದರೆ ಬರಹದಿಂದ ದೂರ. ಕ್ರೋಮ್ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ, ಹಗುರವಾಗಿ ಉಜ್ಜಿದೆವು. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆತ್ತಗೆ. ಹಾಗಾಗಿ ತುಕ್ಕು ಹೋಗುತ್ತದೆ, ಕ್ರೋಮ್ ಗೀರುವುದಿಲ್ಲ. ಸ್ಟೀಲ್ ವೂಲ್ ಬೇಡ. ತಮ್ಮ ಹಿಂದಿನ ಪೈಪನ್ನು ತಾವೇ ಉಜ್ಜಲು ಕೂತರು. ಕಂದು ಬಣ್ಣದ ಕೆಳಗಿನಿಂದ ಹೊಳಪು ಏಳುತ್ತಿದ್ದ ಹಾಗೆ ಅವರ ಹಟ ಅರ್ಧ ಇಳಿಯಿತು. ಅವರಿಗೆ ಬೇಕಾಗಿದ್ದ ಹೊಳಪು ಅಲ್ಲೇ ಇತ್ತು, ತುಕ್ಕಿನ ಚುಕ್ಕೆಗಳ ನಡುವೆ.

ಸಣ್ಣ ಬೋಲ್ಟು, ನಟ್ಟುಗಳನ್ನು ತೆಳು ಆಕ್ಸಾಲಿಕ್ ಆಸಿಡ್‌ನಲ್ಲಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೆನೆಹಾಕಿದೆವು. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಿದೆವು. ಕೈಗವಸು ಹಾಕಿಕೊಳ್ಳಲೇಬೇಕು, ಮಕ್ಕಳ ಕೈಗೆ ಸಿಗಬಾರದು. ಬಣ್ಣದ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಭಾಗಗಳನ್ನು ಇದಕ್ಕೆ ಹಾಕಬೇಡಿ, ಮಂಕಾಗುತ್ತವೆ. ಪೈಪುಗಳ ಒಳಗೆ ಕುದಿಸಿದ ಅಗಸೆ ಎಣ್ಣೆ ಬಿಟ್ಟು, ಫ್ರೇಮನ್ನು ಎಲ್ಲ ಕಡೆ ತಿರುಗಿಸಿ, ಉಳಿದದ್ದನ್ನು ಸುರಿದು ಒಣಗಲು ಬಿಟ್ಟೆವು.

"ಚಿರತೆ"ಯನ್ನು ತೊಳೆಯುವ ಮುಂಚೆ ಒಂದು ಅಕ್ಷರದ ಮೂಲೆಯಲ್ಲಿ ಹತ್ತಿ ಕಡ್ಡಿಯಿಂದ ಪರೀಕ್ಷೆ ಮಾಡಿದೆ. ಹತ್ತಿಗೆ ಕೆಂಪು ಹತ್ತಲಿಲ್ಲ. ಆಮೇಲೆ ಬರೀ ನೀರಿನಲ್ಲಿ, ಚೂರುಚೂರಾಗಿ. ಕೊನೆಗೆ ಇಡೀ ಫ್ರೇಮಿಗೆ ತೆಳುವಾಗಿ ಮೇಣ. ವರ್ಷಕ್ಕೊಮ್ಮೆ, ಮಳೆಗಾಲ ಶುರುವಾಗುವ ಮುಂಚೆ, ಮತ್ತೆ ಹಚ್ಚಬೇಕು. ಆಯುಧಪೂಜೆಯ ಕುಂಕುಮ ಇಡಬಾರದಾ ಅಂತ ಅಕ್ಕ ಕೇಳಿದರು. ಖಂಡಿತ ಇಡಿ, ಮಾರನೇ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ ಅಂದೆ. ಒದ್ದೆ ಅರಿಶಿನ-ಕುಂಕುಮ ವರ್ಷವಿಡೀ ಕೂತರೆ ಅದರಡಿ ತೇವ ನಿಲ್ಲುತ್ತದೆ. ಹ್ಯಾಂಡಲ್ ಸ್ಟೆಮ್‌ನ ಮೇಲೆ ಅಂಥದ್ದೊಂದು ಹಳೇ ಗುರುತು ಇತ್ತು. ಒಣಗಿ ಗಟ್ಟಿಯಾಗಿತ್ತು, ಅದನ್ನು ಹಾಗೇ ಬಿಟ್ಟಿದ್ದೇವೆ.

ಕ್ಯಾರಿಯರ್ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದು ಇರಬೇಕು ಅಂತ ನನ್ನ ಅಭಿಪ್ರಾಯ. ಅದರ ಮೇಲೆ ಹಿಟ್ಟಿನ ಡಬ್ಬ ಕಟ್ಟಿಕೊಂಡು ಬಂದ ಬಿಎಂಎಕ್ಸ್ ಬೇರೆ ಯಾರ ಸಂಗ್ರಹದಲ್ಲಿ ಇದೆ? ತಮ್ಮ ಒಪ್ಪುತ್ತಿಲ್ಲ. "ಅಪ್ಪ ಅದನ್ನ ಹಾಕಿಸಿದ ದಿನ ನಾನು ಅತ್ತಿದ್ದೆ ಸರ್" ಅನ್ನುತ್ತಾರೆ. ಅವರು ಸದ್ಯಕ್ಕೆ ಅದನ್ನು ಬಿಚ್ಚಿ ಓಡಿಸುತ್ತಿದ್ದಾರೆ. ಕ್ಯಾರಿಯರ್, ಅದರ ನಾಲ್ಕು ಬೋಲ್ಟು, ವಾಷರ್‌ಗಳು ಚೀಟಿ ಸಮೇತ ಒಂದು ಚೀಲದಲ್ಲಿವೆ. ಫ್ರೇಮಿನ ಮೇಲೆ ಅದು ಕೂತಿದ್ದ ಗುರುತನ್ನು ಉಜ್ಜಬೇಡಿ ಅಂತ ಕೇಳಿಕೊಂಡಿದ್ದೇನೆ, ಅದಕ್ಕೆ ಒಪ್ಪಿದ್ದಾರೆ. ದಸರಾಕ್ಕೆ ಅಕ್ಕ ಬೆಂಗಳೂರಿಗೆ ಬಂದಾಗ ಇನ್ನೊಮ್ಮೆ ಮೂವರೂ ಕೂತು ಮಾತಾಡುವುದು ಅಂತ ಆಗಿದೆ.